ಆರನೇ ಮೇಜಿನ ಲೆಕ್ಕ: ಕುಮಟಾದಲ್ಲಿ ಕೌಂಟಿಂಗ್ ಏಜೆಂಟ್ ಆಗಿ ಕೂತ ಅನುಭವ

2023ರ ಮೇ 13ರಂದು ಕುಮಟಾ ವಿಧಾನಸಭಾ ಕ್ಷೇತ್ರದ ಮತ ಎಣಿಕೆಗೆ ನಾನು ಏಜೆಂಟ್ ಆಗಿ, ಅಂದರೆ ಒಬ್ಬ ಅಭ್ಯರ್ಥಿಯ ಪರವಾಗಿ ಎಣಿಕೆ ನೋಡಿ ಲೆಕ್ಕ ಬರೆದುಕೊಳ್ಳುವವಳಾಗಿ ಕೂತಿದ್ದೆ. ಎಣಿಕೆ ಮುಗಿದರೂ ಸೊಂಟದ ನೋವು ಇನ್ನೂ ಬಿಟ್ಟಿಲ್ಲ. ಮರೆಯುವ ಮೊದಲೇ ಎಲ್ಲ ಬರೆದಿಡೋಣ ಅಂತ ಕೂತಿದ್ದೇನೆ. ಯಾಕಂದ್ರೆ ಹೋಗುವ ಮೊದಲು ನಾನು ಎಷ್ಟು ಜನರನ್ನು ಕೇಳಿದರೂ ಒಂದೇ ಉತ್ತರ ಸಿಕ್ಕಿತ್ತು: "ಅದೆಂಥದ್ದೂ ಇಲ್ಲ ಅಕ್ಕಾ, ಸುಮ್ನೆ ಕೂತು ಬರೆದುಕೊಂಡ್ರೆ ಆಯ್ತು." ಏನು ಬರೆಯಬೇಕು, ಯಾವುದರ ಜೊತೆ ತಾಳೆ ನೋಡಬೇಕು, ಯಾವಾಗ ಬಾಯಿ ಬಿಡಬೇಕು ಅಂತ ಒಬ್ಬರೂ ಹೇಳಲಿಲ್ಲ.

ಯಾವ ಅಭ್ಯರ್ಥಿ ಪರ ಕೂತಿದ್ದೆ ಅನ್ನುವುದು ಇಲ್ಲಿ ಬೇಡ. ಊರಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಈ ಬರಹ ಬೇಕಾಗುವವರು ಎಲ್ಲ ಪಕ್ಷದಲ್ಲೂ ಇದ್ದಾರೆ.

ನನ್ನದು ಮಿರ್ಜಾನ್ ಕಡೆ ಒಂದು ಹೊಲಿಗೆ ಅಂಗಡಿ. ರಾಜಕೀಯದಲ್ಲಿ ಓಡಾಡಿದವಳಲ್ಲ. ಸ್ತ್ರೀಶಕ್ತಿ ಸಂಘದ ಲೆಕ್ಕಪತ್ರ ಬಹಳ ಕಾಲ ಬರೆದಿದ್ದೆ, ಒಂದು ರೂಪಾಯಿ ಹೆಚ್ಚುಕಡಿಮೆ ಬಂದರೂ ಬಿಡುವವಳಲ್ಲ ಅನ್ನುವ ಹೆಸರು ಇತ್ತು. ಅದಕ್ಕೇ ಕೇಳಿದರು. ಇನ್ನೊಂದು ಕಾರಣ ಆಮೇಲೆ ಗೊತ್ತಾಯ್ತು. ಸರ್ಕಾರಿ ನೌಕರರು ಏಜೆಂಟ್ ಆಗುವ ಹಾಗಿಲ್ಲ. ಮಂತ್ರಿ, ಶಾಸಕ, ಸಂಸದರಿಗೂ ಅವಕಾಶ ಇಲ್ಲ. ಪಕ್ಷದಲ್ಲಿ ಲೆಕ್ಕ ಬಲ್ಲವರೆಲ್ಲ ಮಾಸ್ತರರು, ಅಕ್ಕೋರು. ಅವರನ್ನು ಬಿಟ್ಟರೆ ಉಳಿದವರು ಘೋಷಣೆ ಕೂಗುವುದರಲ್ಲಿ ಗಟ್ಟಿ.

ಮನೆಯಲ್ಲಿ ಮೊದಲು ಒಪ್ಪಿದ್ದು ನನ್ನ ಮಾವ. ಎಂಬತ್ತು ದಾಟಿದವರು. ಈ ಸಲ 80 ವರ್ಷ ಮೇಲ್ಪಟ್ಟವರಿಗೆ, ಅಂಗವಿಕಲರಿಗೆ ಮನೆಯಲ್ಲೇ ಓಟು ಹಾಕುವ ವ್ಯವಸ್ಥೆ ಬಂತಲ್ಲ, ನಮೂನೆ 12ಡಿ ತುಂಬಿಕೊಟ್ಟು ಜಗುಲಿಯಲ್ಲೇ ಕೂತು ಹಾಕಿದ್ದರು. ಅವರೂ ಹಿಂದೆ ಮತಪತ್ರದ ಕಾಲದಲ್ಲಿ ಎಣಿಕೆಗೆ ಕೂತವರು. ಆಗ ಬೇರೆ ಬೇರೆ ಮತಗಟ್ಟೆಯ ಮತಪತ್ರಗಳನ್ನು ಡ್ರಮ್ಮಿಗೆ ಸುರಿದು ಬೆರೆಸಿ, ಆಮೇಲೆ ಕಟ್ಟು ಕಟ್ಟಿ ಎಣಿಸುತ್ತಿದ್ದರಂತೆ. ರಾತ್ರಿ ಬೆಳಗಾದರೂ ಮುಗಿಯುತ್ತಿರಲಿಲ್ಲವಂತೆ.

ಮಾವ ಹೇಳಿದ ಹಳೆ ಕಥೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ನಾನ್ಯಾಕೆ ಆ ದಿನ ಒಂದೊಂದು ಅಂಕಿಗೂ ಹೆದರಿಕೊಂಡು ಕೂತಿದ್ದೆ ಅಂತ ನಿಮಗೆ ತಿಳಿಯುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆ ಯಾರಿಗೂ ಖಾಯಂ ಆಗಿ ಬರೆದುಕೊಟ್ಟ ಜಿಲ್ಲೆ ಅಲ್ಲ ಅನ್ನುವುದು ಮಾವನ ವಾದ. 1967ರಲ್ಲಿ ಕೆನರಾ ಲೋಕಸಭಾ ಕ್ಷೇತ್ರದಿಂದ ಚುಟುಕು ಕವಿ ದಿನಕರ ದೇಸಾಯಿಯವರು ಪಕ್ಷೇತರರಾಗಿ ಗೆದ್ದಿದ್ದರು. 1989ರಲ್ಲಿ ಕೈಗಾ ಅಣುಸ್ಥಾವರದ ವಿರೋಧದ ಹೊತ್ತಿನಲ್ಲಿ ಶಿವರಾಮ ಕಾರಂತರು ನಿಂತರು, ಸೋತರು. ಮಾವ ಆ ಎರಡೂ ಸಲ ಯಾರಿಗೆ ಹಾಕಿದ್ದು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ!

2008ಕ್ಕೆ ಕ್ಷೇತ್ರಗಳ ಗಡಿ ಬದಲಾಯ್ತು. ಅಂಕೋಲಾ ಅನ್ನುವ ಕ್ಷೇತ್ರವೇ ಹೋಯ್ತು. ಅಲ್ಲಿ ಗೆಲ್ಲುತ್ತಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಶಿರಸಿಗೆ ಹೋದರು. ನಮ್ಮ ಕುಮಟಾ ಕ್ಷೇತ್ರ ಅಂದರೆ ಕುಮಟಾ ತಾಲ್ಲೂಕು, ಜೊತೆಗೆ ಹೊನ್ನಾವರದ ಒಂದಷ್ಟು ಭಾಗ. ಆ ಚುನಾವಣೆಯಲ್ಲಿ ಜೆಡಿಎಸ್‌ನ ದಿನಕರ ಶೆಟ್ಟರು ಕಾಂಗ್ರೆಸ್ಸಿನ ಮೋಹನ ಶೆಟ್ಟರ ಎದುರು ಗೆದ್ದರು. ಅಂತರ 20 ಓಟು. ಹೌದು, ಇಪ್ಪತ್ತೇ. 2013ರಲ್ಲಿ ಮೋಹನ ಶೆಟ್ಟರ ಹೆಂಡತಿ ಶಾರದಾ ಶೆಟ್ಟಿಯವರು ಕಾಂಗ್ರೆಸ್ಸಿನಿಂದ ನಿಂತು ದಿನಕರ ಶೆಟ್ಟರನ್ನು ಸೋಲಿಸಿದರು. ಅಂತರ 420. 2018ರಲ್ಲಿ ಮಾತ್ರ ಕಥೆ ಬೇರೆ. ಹಿಂದಿನ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಪರೇಶ್ ಮೇಸ್ತ ಅನ್ನುವ ಹುಡುಗನ ಸಾವು, ಅದರ ಬೆನ್ನಿಗೆ ಕುಮಟಾದಲ್ಲಿ ಗಲಾಟೆ, ಕಲ್ಲು, ಬೆಂಕಿ. ಆ ಬಿಸಿಯಲ್ಲೇ ಚುನಾವಣೆ ಬಂತು. ದಿನಕರ ಶೆಟ್ಟರು ಈಗ ಬಿಜೆಪಿ, 32 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಎಲ್ಲರೂ ಇನ್ನು ಈ ಸೀಟು ಪಕ್ಕಾ ಅಂದುಕೊಂಡರು. ಮಾವ ಮಾತ್ರ, "ಕುಮಟಾದಲ್ಲಿ ಪಕ್ಕಾ ಅನ್ನೋದು ಇಲ್ಲ, ನೋಡ್ತಾ ಇರು" ಅಂದಿದ್ದರು.

ಈ ಸಲ ಮೂರು ಕಡೆ ಜಗ್ಗಾಟ. ಬಿಜೆಪಿಗೆ ದಿನಕರ ಶೆಟ್ಟರು, ಜೆಡಿಎಸ್‌ಗೆ ಸೂರಜ್ ನಾಯ್ಕ ಸೋನಿ, ಕಾಂಗ್ರೆಸ್ಸಿಗೆ ಮಾರ್ಗರೆಟ್ ಆಳ್ವರ ಮಗ ನಿವೇದಿತ್ ಆಳ್ವ. ಅಂಗಡಿಗೆ ಬರುವವರು ಪಕ್ಷಕ್ಕಿಂತ ಆಸ್ಪತ್ರೆ ಬಗ್ಗೆ ಜಾಸ್ತಿ ಮಾತಾಡುತ್ತಿದ್ದರು. 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರಲ್ಲ, ಆಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮನೆಮನೆಗೂ ಹೋಗಿತ್ತು. ಆದರೆ ಓಟು ಅದರ ಮೇಲೇ ಬಿತ್ತಾ ಅಂದರೆ, ನನಗಂತೂ ನಂಬಿಕೆ ಇಲ್ಲ.

ಇನ್ನು ಕಾಗದಪತ್ರದ ವಿಷಯ. ತಲೆನೋವು ಶುರುವಾಗುವುದೇ ಇಲ್ಲಿಂದ.

ಕೌಂಟಿಂಗ್ ಏಜೆಂಟನ್ನು ನೇಮಿಸುವುದು ಫಾರ್ಮ್ 18ರಲ್ಲಿ. ಎರಡು ಪ್ರತಿ ಬೇಕು. ಫೋಟೋ ಬೇಕು. ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ ಸಹಿ ಹಾಕಬೇಕು, ನಾವೂ ಒಪ್ಪಿಗೆ ಸಹಿ ಹಾಕಬೇಕು. ಎಣಿಕೆಗೆ ಮೂರು ದಿನ ಮುಂಚೆ ಸಂಜೆ 5 ಗಂಟೆಯೊಳಗೆ ಪಟ್ಟಿ ಚುನಾವಣಾಧಿಕಾರಿಗೆ ತಲುಪಬೇಕು. ಎಣಿಕೆ ಮೇ 13, ಮತದಾನ ಮೇ 10. ಅಂದರೆ ಗಡುವು ಬಂದದ್ದು ಮತದಾನದ ದಿನವೇ! ಅವತ್ತು ಅಭ್ಯರ್ಥಿ ಗೋಕರ್ಣದಲ್ಲೋ ಸಂತೆಗುಳಿಯಲ್ಲೋ, ಚುನಾವಣಾ ಏಜೆಂಟ್ ಎಲ್ಲಿ ಅಂತ ಅವರಿಗೇ ಗೊತ್ತಿಲ್ಲ.

ಪಕ್ಷದ ಕಚೇರಿಯಲ್ಲಿ ಫಾರ್ಮ್ ತುಂಬಿದ ಹುಡುಗ ನನ್ನ ಹೆಸರನ್ನು ಊರಲ್ಲಿ ಕರೆಯುವ ಹಾಗೆ ಬರೆದುಬಿಟ್ಟಿದ್ದ. ವೋಟರ್ ಐಡಿಯಲ್ಲಿ ಇರುವುದು ತವರಿನ ಹೆಸರು, ಜೊತೆಗೆ ಗಂಡನ ಹೆಸರು. ಮತದಾನದ ಹಿಂದಿನ ದಿನ ಸುಮ್ನೆ ಒಮ್ಮೆ ನೋಡೋಣ ಅಂತ ಹೋಗಿದ್ದಕ್ಕೆ ಕಣ್ಣಿಗೆ ಬಿತ್ತು. ತಿದ್ದಿದರೆ ಸಾಕಾಗುತ್ತಾ ಅಂತ ಕೇಳಿದರೆ ಒಬ್ಬ ಹೌದು ಅಂದ, ಇನ್ನೊಬ್ಬ ಬೇಡ ಅಂದ. ಕೊನೆಗೆ ಹೊಸ ಫಾರ್ಮನ್ನೇ ತುಂಬಿಸಿದೆ. ಅದಕ್ಕೆ ಸಹಿ ಬೇಕಲ್ಲ? ಮೈದುನನ ಬೈಕಿನ ಹಿಂದೆ ಕೂತು ಚುನಾವಣಾ ಏಜೆಂಟರನ್ನು ಹುಡುಕಿಕೊಂಡು ಅಲೆದೆ. ಹೆಗಡೆ ಊರಲ್ಲಿ ಇದ್ದಾರೆ ಅಂದರು, ಹೋದರೆ ಈಗಷ್ಟೇ ಧಾರೇಶ್ವರಕ್ಕೆ ಹೋದರು ಅಂದರು. ಮೇ ತಿಂಗಳ ಸೆಕೆ, ಹೆದ್ದಾರಿ ಧೂಳು. ಕಡೆಗೆ ಒಂದು ಚಹಾ ಅಂಗಡಿಯಲ್ಲಿ ಸಿಕ್ಕರು. ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿಕೊಟ್ಟರು.

ನನ್ನ ಸಲಹೆ: ಮತದಾನಕ್ಕೆ ಎರಡು ದಿನ ಮೊದಲೇ ನಿಮ್ಮ ಫಾರ್ಮ್ ಕೈಯಲ್ಲಿ ಹಿಡಿದು ಓದಿ. ಹೆಸರು ಗುರುತಿನ ಚೀಟಿಯಲ್ಲಿ ಇದ್ದ ಹಾಗೇ ಇರಲಿ. ಕ್ಷೇತ್ರದ ಸಂಖ್ಯೆ, ಮೇಜಿನ ಸಂಖ್ಯೆ ನೋಡಿ. ನಮ್ಮದು 78. ಪಕ್ಕದ ಭಟ್ಕಳ 79, ಕಾರವಾರ 77. ಒಂದೇ ಕಾಲೇಜಿನಲ್ಲಿ ಎಲ್ಲದರ ಎಣಿಕೆ ನಡೆಯುವಾಗ ಈ ಸಂಖ್ಯೆ ತಪ್ಪಿದರೆ ಗೇಟಿನಲ್ಲೇ ನಿಲ್ಲಬೇಕಾಗುತ್ತದೆ.

ಖರ್ಚು ಎಷ್ಟು ಅಂತ ಕೇಳುವವರಿಗೆ: ಫೋಟೋ, ಜೆರಾಕ್ಸ್, ಪೆಟ್ರೋಲು, ಅಷ್ಟೇ. ಪಕ್ಷದವರು ಊಟ ತಿಂಡಿ ನೋಡಿಕೊಂಡರು. ದೊಡ್ಡ ನಷ್ಟ ಅಂದರೆ ಅಂಗಡಿ ಮುಚ್ಚಿದ್ದು. ಮೇ ತಿಂಗಳು ಮದುವೆ ಬ್ಲೌಸು, ಶಾಲೆ ಸಮವಸ್ತ್ರ ಎರಡೂ ಒಟ್ಟಿಗೆ ಬರುವ ಕಾಲ. ಗಿರಾಕಿಗಳ ಬೈಗುಳ ಇನ್ನೂ ಮುಗಿದಿಲ್ಲ.

ಫಾರ್ಮಿಗಿಂತ ಮುಖ್ಯವಾದ ಕಾಗದ ಇನ್ನೊಂದಿದೆ. ನಮೂನೆ 17ಸಿ. ಮತದಾನ ಮುಗಿದ ಮೇಲೆ ಮತಗಟ್ಟೆ ಅಧಿಕಾರಿ ಇದನ್ನು ತುಂಬುತ್ತಾರೆ. ಎಷ್ಟು ಓಟು ಬಿತ್ತು, ಯಾವ ಕಂಟ್ರೋಲ್ ಯೂನಿಟ್ (ಮತಯಂತ್ರದಲ್ಲಿ ಓಟಿನ ಲೆಕ್ಕ ಇಟ್ಟುಕೊಳ್ಳುವ ಭಾಗ), ಅದರ ನಂಬರ್ ಏನು, ಸೀಲಿನ ನಂಬರ್ ಏನು ಅಂತ. ಅದರ ಪ್ರತಿಯನ್ನು ಅಲ್ಲಿರುವ ಬೂತ್ ಏಜೆಂಟರಿಗೆ ಕೊಡುತ್ತಾರೆ. ಎಣಿಕೆಯ ದಿನ ನಮ್ಮ ಕೈಲಿ ಇದು ಇದ್ದರೆ ಮಾತ್ರ ನಾವು ಏಜೆಂಟರು. ಇಲ್ಲದಿದ್ದರೆ ಬರೀ ಪ್ರೇಕ್ಷಕರು. ತೊಂದರೆ ಏನಂದರೆ ಬೂತ್ ಏಜೆಂಟ್ ಹುಡುಗರು ಸಂಜೆ ಆಗುತ್ತಿದ್ದ ಹಾಗೆ ಜಾಗ ಖಾಲಿ ಮಾಡುತ್ತಾರೆ. ಕೆಲವರು ಪ್ರತಿ ತೆಗೆದುಕೊಂಡೇ ಇರಲಿಲ್ಲ. ಒಬ್ಬ ತೆಗೆದುಕೊಂಡು ಅಂಗಿ ಕಿಸೆಯಲ್ಲಿಟ್ಟು, ಅಂಗಿ ಒಗೆಯಲು ಹಾಕಿದ್ದ.

ಮೇಜಿನ ಲೆಕ್ಕ ಹೀಗೆ. ಒಂದು ಸಭಾಂಗಣದಲ್ಲಿ 14 ಮೇಜು. ಮೊದಲ ಸುತ್ತಿಗೆ 1ರಿಂದ 14ನೇ ಮತಗಟ್ಟೆಯ ಯಂತ್ರ ಬರುತ್ತದೆ, ಎರಡನೇ ಸುತ್ತಿಗೆ 15ರಿಂದ 28. ನನ್ನದು ಆರನೇ ಮೇಜು. ಅಂದರೆ ನನಗೆ ಬರುವುದು 6, 20, 34, 48, ಹೀಗೆ ಹದಿನಾಲ್ಕು ಕೂಡಿಸುತ್ತ ಹೋದರೆ ಆಯ್ತು. ಹಿಂದಿನ ರಾತ್ರಿ ಕೂತು ಅಷ್ಟು ಮತಗಟ್ಟೆಗಳ 17ಸಿ ಮಾತ್ರ ಆರಿಸಿ, ಕ್ರಮವಾಗಿ ಜೋಡಿಸಿ, ನೋಟ್‌ಬುಕ್ಕಿನ ಅಗಲ ಹಾಳೆಯಲ್ಲಿ ಒಂದು ಕೋಷ್ಟಕ ಹಾಕಿದೆ. ಸುತ್ತು, ಮತಗಟ್ಟೆ, ಯಂತ್ರದ ನಂಬರ್, 17ಸಿ ಪ್ರಕಾರ ಒಟ್ಟು, ಯಂತ್ರ ತೋರಿಸಿದ ಒಟ್ಟು, ಆಮೇಲೆ ಅಭ್ಯರ್ಥಿಗಳು, ಕೊನೆಗೆ ನೋಟಾ. ಈ ಒಂದು ಕೆಲಸ ಮಾಡಿಕೊಂಡು ಹೋದರೆ ಅರ್ಧ ದಿಗಿಲು ಕಡಿಮೆ.

ಎಣಿಕೆ ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ. ಜಿಲ್ಲೆಯ ಆರೂ ಕ್ಷೇತ್ರದ್ದು ಅಲ್ಲೇ. ಬೆಳಗಿನ ಜಾವವೇ ಹೊರಟೆ. ಪೊಲೀಸರು ರಸ್ತೆ ಬಂದ್ ಮಾಡಿದ್ದರಿಂದ ದೂರದಲ್ಲೇ ಇಳಿದು ನಡೆಯಬೇಕು. ಹೋಟೆಲಿನಲ್ಲಿ ಬನ್ಸ್ ಭಾಜಿ ತಿಂದೇ ಒಳಗೆ ಹೋದೆ, ಅದು ಒಳ್ಳೆಯದಾಯ್ತು. ಮೊಬೈಲ್ ಒಳಗೆ ಬಿಡುವುದಿಲ್ಲ. ಪೆನ್ನು, ಖಾಲಿ ಹಾಳೆ, 17ಸಿ ಪ್ರತಿ ಬಿಡುತ್ತಾರೆ. ಮೊಬೈಲ್ ಮೈದುನನ ಕೈಗೆ ಕೊಟ್ಟೆ. ಒಬ್ಬರೇ ಹೋಗುವವರು ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಗೇಟಿನ ಹತ್ತಿರ ಮೊಬೈಲ್ ಇಡಲು ಜಾಗ ಹುಡುಕುತ್ತ ಬೆವರುತ್ತಿದ್ದವರನ್ನು ಕಣ್ಣಾರೆ ಕಂಡೆ.

ಒಳಗೆ ಮೇಜಿಗೂ ನಮಗೂ ನಡುವೆ ತಂತಿ ಜಾಲರಿ. ಆ ಕಡೆ ಎಣಿಕೆ ಮೇಲ್ವಿಚಾರಕರು, ಸಹಾಯಕರು, ಎಣಿಕೆ ಸರಿಯಾಗಿ ನಡೆಯುತ್ತಾ ಅಂತ ನೋಡುವ ಮೈಕ್ರೋ ಅಬ್ಸರ್ವರ್. ಈ ಕಡೆ ನಾವು ಏಜೆಂಟರು. ಕೂರುವುದಕ್ಕೂ ಕ್ರಮ ಇದೆ. ಮೊದಲು ರಾಷ್ಟ್ರೀಯ ಪಕ್ಷದವರು, ಆಮೇಲೆ ರಾಜ್ಯ ಪಕ್ಷದವರು, ಕೊನೆಗೆ ಪಕ್ಷೇತರರ ಕಡೆಯವರು. ಒಂದು ಮೇಜಿನವರು ಇನ್ನೊಂದು ಮೇಜಿಗೆ ಹೋಗುವ ಹಾಗಿಲ್ಲ. ಶೌಚಕ್ಕೆ ಹೋಗಬೇಕಂದರೆ ಎರಡು ಸುತ್ತಿನ ನಡುವೆ ಹೋಗಿ. ಹೆಂಗಸರಿಗೆ ಇದು ದೊಡ್ಡ ಚಿಂತೆ, ಯಾರೂ ಮೊದಲೇ ಹೇಳುವುದಿಲ್ಲ. ಅದಕ್ಕೆ ಹೆದರಿ ನೀರು ಕುಡಿಯದೆ ಕೂರಬೇಡಿ, ಆ ಸೆಕೆಯಲ್ಲಿ ತಲೆ ತಿರುಗುತ್ತದೆ.

8 ಗಂಟೆಗೆ ಎಣಿಕೆ ಶುರು, ಮೊದಲಿಗೆ ಅಂಚೆ ಮತ. ಅದು ಬೇರೆ ಮೇಜು. ಮಾವನ ಓಟೂ ಅದರಲ್ಲೇ ಎಲ್ಲೋ ಇತ್ತು. ಅಂಚೆ ಮತದಲ್ಲಿ ಘೋಷಣೆಯ ಕಾಗದಕ್ಕೆ ಸಹಿ ಇಲ್ಲದಿದ್ದರೆ, ದೃಢೀಕರಣ ಇಲ್ಲದಿದ್ದರೆ ಒಳಗಿನ ಲಕೋಟೆಯನ್ನು ತೆರೆಯುವುದೇ ಇಲ್ಲ, ತಿರಸ್ಕಾರ. ಚುನಾವಣೆ ಕೆಲಸಕ್ಕೆ ಹೋದ ನೌಕರರ ಓಟುಗಳು ಹೀಗೆ ಹಾಳಾಗುತ್ತವೆ. ಗೆಲುವಿನ ಅಂತರ ಹೀಗೆ ತಿರಸ್ಕಾರವಾದ ಅಂಚೆ ಮತಗಳಿಗಿಂತ ಕಡಿಮೆ ಇದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕು ಅನ್ನುವ ನಿಯಮ ಇದೆ. 20 ಓಟಿನ ಇತಿಹಾಸ ಇರುವ ಕ್ಷೇತ್ರದಲ್ಲಿ ಇದನ್ನು ನೆನಪಿಟ್ಟುಕೊಳ್ಳಿ. ಅಂಚೆ ಮತದ ಮೇಜಿಗೆ ನಿಮ್ಮ ಕಡೆಯ ಚುರುಕಿನವರನ್ನೇ ಕೂರಿಸಬೇಕು.

8.30ರ ಹೊತ್ತಿಗೆ ಯಂತ್ರಗಳು ಬಂದವು. ಪೆಟ್ಟಿಗೆ ತೆರೆದು ಕಂಟ್ರೋಲ್ ಯೂನಿಟ್ ಹೊರಗೆ ತೆಗೆದು, ನಂಬರ್ ಓದಿ, ಹಸಿರು ಕಾಗದದ ಸೀಲ್ ಹರಿದಿಲ್ಲ ಅಂತ ಜಾಲರಿಯ ಹತ್ತಿರ ಹಿಡಿದು ತೋರಿಸುತ್ತಾರೆ. ಆಮೇಲೆ ರಿಸಲ್ಟ್ ಬಟನ್ ಒತ್ತುತ್ತಾರೆ. ಒಟ್ಟು ಮತ ಮೊದಲು ಬರುತ್ತದೆ. ಆಮೇಲೆ ಒಬ್ಬೊಬ್ಬ ಅಭ್ಯರ್ಥಿಯದು, ಪ್ರತಿ ಸಲ ಪೀಂ ಅಂತ ಸದ್ದು. ಅಂಕಿ ಕಣ್ಣೆದುರು ಇರುವುದು ಬಹಳ ಕಡಿಮೆ ಹೊತ್ತು. ಬರೆಯುವುದು ತಪ್ಪಿದರೆ ತಕ್ಷಣ, "ಸರ್, ಇನ್ನೊಮ್ಮೆ ಒತ್ತಿ" ಅನ್ನಿ. ಒತ್ತುತ್ತಾರೆ. ಮುಂದಿನ ಯಂತ್ರ ಬಂದ ಮೇಲೆ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ನನ್ನ ಮೇಜಿನಲ್ಲಿ ಒಂದು ಸುತ್ತಿಗೆ ಹೀಗಾಯ್ತು. ಯಂತ್ರ ತೋರಿಸಿದ ಒಟ್ಟು 617. ನನ್ನ 17ಸಿ ಪ್ರತಿಯಲ್ಲಿ 611. ಎದೆ ಧಸಕ್ ಅಂತು. ಆರು ಓಟು ಎಲ್ಲಿಂದ ಬಂತು? ಪಕ್ಕದಲ್ಲಿದ್ದ ಎದುರು ಪಕ್ಷದ ಏಜೆಂಟ್ ಹಿರಿಯರು, ಅವರ ಪ್ರತಿ ನನ್ನದಕ್ಕಿಂತ ಮಸುಕು. ಎದ್ದು ನಿಂತು ಹೇಳಿದೆ. ಮೇಲ್ವಿಚಾರಕರು ಮುಖ ಕಿರಿದು ಮಾಡಲಿಲ್ಲ. ಅವರಲ್ಲಿದ್ದ ಮೂಲ 17ಸಿ ತೆಗೆದು ಜಾಲರಿಗೆ ಒತ್ತಿ ಹಿಡಿದರು. ಅದರಲ್ಲಿ ಕೊನೆಯ ಅಂಕಿ 7, ಮೇಲಿನ ಅಡ್ಡಗೆರೆ ಸಣ್ಣದು. ಕಾರ್ಬನ್ನಿನಲ್ಲಿ ಆ ಗೆರೆ ಮೂಡದೆ 1ರ ಹಾಗೆ ಕಂಡಿತ್ತು. ಕೆಳಗೆ ಅಕ್ಷರದಲ್ಲೂ ಬರೆದಿದ್ದರು. ಆ ಹಿರಿಯರು ನನ್ನ ಕಡೆ ತಿರುಗಿ, "ಒಳ್ಳೇ ಕೆಲಸ ಮಾಡ್ದೆ ತಂಗಿ, ನಾನಂತೂ ಸುಮ್ನಿರ್ತಿದ್ದೆ" ಅಂದರು. ಬೇರೆ ಪಕ್ಷದವರು ಅನ್ನುವ ಬಿಗುವು ಅಲ್ಲಿಗೆ ಕಳೆಯಿತು. ಆಮೇಲೆ ಇಬ್ಬರೂ ಪ್ರತಿ ಸುತ್ತಿಗೆ ಅಂಕಿ ತಾಳೆ ನೋಡಿಕೊಂಡೆವು.

ಒಳಗೆ ಕೂತವರಿಗೆ ಎಲ್ಲ ಗೊತ್ತಿರುತ್ತದೆ ಅಂತ ಜನ ತಿಳಿದುಕೊಂಡಿರುತ್ತಾರೆ. ಸುಳ್ಳು. ನನಗೆ ಗೊತ್ತಿದ್ದದ್ದು ಆರನೇ ಮೇಜು ಮಾತ್ರ. ನನ್ನ ಮೇಜಿನಲ್ಲಿ ನಾವು ಮುಂದೆ, ಹನ್ನೊಂದನೇ ಮೇಜಿನಲ್ಲಿ ಹಿಂದೆ. ಸುತ್ತು ಮುಗಿದು ಘೋಷಣೆ ಆದಾಗಲಷ್ಟೇ ಒಟ್ಟು ತಿಳಿಯುವುದು. ಆ ಹೊತ್ತಿಗೆ ಅಂಗಡಿ ಕಟ್ಟೆಯಲ್ಲಿ ಮೊಬೈಲ್ ಹಿಡಿದು ಕೂತವನಿಗೆ ಇಡೀ ರಾಜ್ಯದ ಲೀಡ್ ಗೊತ್ತಿರುತ್ತದೆ. ಹೊರಗಿನಿಂದ ಆಗಾಗ ಹೋ ಅಂತ ಕೂಗು ಕೇಳುತ್ತಿತ್ತು. ಅದು ನಮ್ಮದಾ, ಕಾರವಾರದ್ದಾ, ಶಿರಸಿಯದ್ದಾ? ಆರು ಕ್ಷೇತ್ರದ ಜನ ಒಂದೇ ರಸ್ತೆಯಲ್ಲಿ ನಿಂತಿದ್ದಾರೆ. ಪ್ರತಿ ಕೂಗಿಗೂ ಇಲ್ಲಿ ಎಲ್ಲರ ಮುಖ ಬಿಳುಚಿಕೊಳ್ಳುತ್ತಿತ್ತು. ಸ್ಪೀಕರ್ ಆಗಿದ್ದ ಕಾಗೇರಿಯವರು ಶಿರಸಿಯಲ್ಲಿ ಭೀಮಣ್ಣ ನಾಯ್ಕರ ಎದುರು 8,712 ಓಟಿನಿಂದ ಸೋತರು, ಕಾರವಾರದಲ್ಲಿ ಸತೀಶ್ ಸೈಲ್ ರೂಪಾಲಿ ನಾಯ್ಕರನ್ನು 2,138 ಓಟಿನಿಂದ ಸೋಲಿಸಿದರು ಅನ್ನುವುದೆಲ್ಲ ನನಗೆ ಗೊತ್ತಾಗಿದ್ದು ಹೊರಗೆ ಬಂದ ಮೇಲೆ.

ಕೊನೆ ಕೊನೆಗೆ ಸಭಾಂಗಣದಲ್ಲಿ ಯಾರೂ ಕುರ್ಚಿಗೆ ಬೆನ್ನು ಕೊಡಲಿಲ್ಲ. ಯಂತ್ರದ ಎಣಿಕೆ ಮುಗಿದ ಕೂಡಲೇ ಫಲಿತಾಂಶ ಘೋಷಿಸುವುದಿಲ್ಲ. ಲಾಟರಿ ಎತ್ತಿ ಐದು ಮತಗಟ್ಟೆ ಆರಿಸಿ, ಅವುಗಳ ವಿವಿಪ್ಯಾಟ್ ಚೀಟಿಗಳನ್ನು (ಓಟು ಯಾರಿಗೆ ಬಿತ್ತು ಅಂತ ಮುದ್ರಿಸಿ ಪೆಟ್ಟಿಗೆಗೆ ಬೀಳುವ ಕಾಗದ) ಕೈಯಲ್ಲಿ ಎಣಿಸಬೇಕು. ಯಂತ್ರಕ್ಕೂ ಚೀಟಿಗೂ ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮ. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಮಧ್ಯಾಹ್ನ ಮನೆಗೆ ಬರ್ತೇನೆ ಅಂತ ಹೇಳಿ ಹೋಗಬೇಡಿ.

ಮರು ಎಣಿಕೆ ಬೇಕಿದ್ದರೆ ಅದಕ್ಕೂ ಹೊತ್ತು ಇದೆ. ಒಟ್ಟು ಲೆಕ್ಕ ಓದಿದ ಮೇಲೆ, ಗೆದ್ದವರ ಹೆಸರು ಘೋಷಿಸುವ ಮೊದಲು, ಕಾರಣ ಕೊಟ್ಟು ಬರವಣಿಗೆಯಲ್ಲಿ ಕೇಳಬೇಕು. ಕೂಗಾಡಿದರೆ ಆಗುವುದಿಲ್ಲ. ಕಾರಣ ಅಂದರೆ ಇಂಥ ಮೇಜು, ಇಂಥ ಸುತ್ತು, ಇಂಥ ಅಂಕಿ. ಅದು ಬರುವುದು ನಮ್ಮಂಥವರ ನೋಟ್‌ಬುಕ್ಕಿನಿಂದ. ಅವತ್ತೇ ಬೆಂಗಳೂರಿನ ಜಯನಗರದಲ್ಲಿ ರಾತ್ರಿ ತನಕ ಜಗಳ ನಡೆದು, ಅಂಚೆ ಮತಗಳನ್ನು ಮತ್ತೆ ನೋಡಿ, ಕೊನೆಗೆ 16 ಓಟಿನಲ್ಲಿ ತೀರ್ಮಾನ ಆಯಿತಲ್ಲ.

ನಮ್ಮಲ್ಲಿ ಅಂತರ 676. ದಿನಕರ ಶೆಟ್ಟರು ಗೆದ್ದರು, ಸೂರಜ್ ನಾಯ್ಕ ಸೋನಿ ಸೋತರು. ಇಬ್ಬರಿಗೂ 59 ಸಾವಿರದ ಮೇಲೆ ಓಟು. ಇಡೀ ರಾಜ್ಯದಲ್ಲಿ ಜೆಡಿಎಸ್ 19 ಸೀಟಿಗೆ ಇಳಿದ ಚುನಾವಣೆಯಲ್ಲಿ ಕುಮಟಾದಲ್ಲಿ ಅದಕ್ಕೆ ಗೆಲುವು ಹೀಗೆ ಕೂದಲೆಳೆಯಲ್ಲಿ ತಪ್ಪಿತು. ಕ್ಷೇತ್ರದಲ್ಲಿ ಇನ್ನೂರರ ಮೇಲೆ ಮತಗಟ್ಟೆ. ಭಾಗಿಸಿ ನೋಡಿ. ಮತಗಟ್ಟೆಗೆ ಇಬ್ಬರು ಆ ಕಡೆಯಿಂದ ಈ ಕಡೆ ಬಂದಿದ್ದರೆ ಫಲಿತಾಂಶವೇ ಉಲ್ಟಾ. ಮಾವನಿಗೆ ಹೇಳಿದೆ. "ಇಪ್ಪತ್ತಕ್ಕಿಂತ ಜಾಸ್ತಿನೇ ಆಯ್ತಲ್ಲ" ಅಂದರು.

ಹೊರಗೆ ಬಂದ ಮೇಲೆ ಇನ್ನೊಂದು ತರಹದ ಕಾಟ ಶುರುವಾಯ್ತು. ಡ್ರಮ್ಮಿನಲ್ಲಿ ಬೆರೆಸುತ್ತಿದ್ದ ಕಾಲದಲ್ಲಿ ಯಾವ ಕೇರಿ ಯಾರಿಗೆ ಹಾಕಿತು ಅಂತ ಲೆಕ್ಕ ಸಿಗುತ್ತಿರಲಿಲ್ಲ. ಈಗ ಮತಗಟ್ಟೆವಾರು ಸಿಗುತ್ತದೆ. ಮರುದಿನದಿಂದಲೇ ಅಂಗಡಿಗೆ ಬಂದವರು, "ನಮ್ಮ ಬೂತಲ್ಲಿ ಎಷ್ಟಾಯ್ತು? ಆ ಕೇರಿಯವರು ಕೈ ಕೊಟ್ರಂತಲ್ಲ?" ಅಂತ ಕೆದಕಿದರು. ನಾನು ಗೌಪ್ಯತೆ ಕಾಪಾಡುತ್ತೇನೆ ಅಂತ ಸಹಿ ಹಾಕಿದವಳು. ಮತಗಟ್ಟೆವಾರು ಪಟ್ಟಿ, ಅಂದರೆ ನಮೂನೆ 20, ಹೇಗೂ ಪ್ರಕಟ ಆಗುತ್ತದೆ, ಅದರಲ್ಲೇ ನೋಡಿಕೊಳ್ಳಿ ಅಂದೆ. ಕೆಲವರಿಗೆ ಬೇಜಾರಾಯ್ತು. ಆಗಲಿ. ಆರುನೂರು ಜನ ಇರುವ ಬೂತಿನ ಲೆಕ್ಕ ಹಿಡಿದು ನೆರೆಮನೆಯವರ ಮುಖ ನೋಡುವ ಈ ಚಾಳಿ ನನಗೆ ಸರಿ ಕಾಣುವುದಿಲ್ಲ.

ಎಣಿಕೆ ಮುಗಿಯಿತು ಅಂತ 17ಸಿ ಪ್ರತಿಗಳನ್ನು ಎಸೆಯಬೇಡಿ. ಫಲಿತಾಂಶದ ದಿನದಿಂದ 45 ದಿನದೊಳಗೆ ಯಾರಾದರೂ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಇಷ್ಟು ಸಣ್ಣ ಅಂತರ ಇರುವಾಗ ಆ ಕಾಗದ ಯಾರಿಗೆ ಯಾವಾಗ ಬೇಕಾಗುತ್ತದೋ. ಪಕ್ಷದವರು ಕೇಳಿದಾಗ ಜೆರಾಕ್ಸ್ ಕೊಟ್ಟೆ, ನನ್ನ ಬಳಿ ಇದ್ದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೇನೆ. ಮಳೆಗಾಲ ಬಂದರೆ ನಮ್ಮ ಕಡೆ ಕಾಗದ ಬೂಸಲು ಹಿಡಿಯುತ್ತದಲ್ವಾ.

ಮುಂದೆಯೂ ಚುನಾವಣೆಗಳು ಬರುತ್ತವೆ. ಆಗ ಕೂರುವವರು ಯಾರಾದರೂ ಇದ್ದರೆ ನನ್ನ ಕೋಷ್ಟಕದ ಖಾಲಿ ಹಾಳೆ ಒಂದಷ್ಟು ಇಟ್ಟುಕೊಂಡಿದ್ದೇನೆ, ಬಂದು ತೆಗೆದುಕೊಂಡು ಹೋಗಿ. ಯಾವ ಪಕ್ಷ ಆದರೂ ಸರಿ. ಮಧ್ಯಾಹ್ನ ಒಂದರಿಂದ ಮೂರರ ತನಕ ಅಂಗಡಿ ಮುಚ್ಚಿರುತ್ತದೆ.